ಕಾಣದ ಊರಿನ ಹಿಮ್ಮೇಳ

ವಾಚನಾಲಯದ ಮಾಸ್ತರರು ಬಂದು, "ನೀವೂ ಒಂದು ಲೇಖನ ಬರೀರಿ" ಅಂದಾಗ ನಾನು ನಕ್ಕುಬಿಟ್ಟೆ. ನಾನು ನಮ್ಮೂರ ಜಿಲ್ಲಾ ಪರಿಷತ್ತಿನ ಕನ್ನಡ ಶಾಲೆಯಲ್ಲಿ ಏಳನೇ ಇಯತ್ತೆ ಮುಗಿಸಿದವನು. ಆಮೇಲೆ ಕೈಗೆ ಬಂದದ್ದು ಕೂರಿಗೆ, ಮತ್ತು ದಪ್ಪು. ಹಗಲೆಲ್ಲ ಬಿಳಿಜೋಳದ ಹೊಲ, ರಾತ್ರಿ ಗೀಗೀ ಪದ. ಹಾಡು ಅಂದರೆ ಬೆಳತನಕ ಹಾಡೇನು, ಬರೆಯೂದು ನನ್ನ ಕೆಲಸ ಅಲ್ಲ ಅಂದೆ. ಮಾಸ್ತರರು ಬಿಡಲಿಲ್ಲ. "ಮಳಿ ಬೆಳಿ ಎಲ್ಲಾರೂ ಬರದಾರ. ಹೋದ ವರ್ಷ ನಿಮ್ಮ ಮನ್ಯಾಗ ಹೊಸಾದು ಏನು ಆತು, ಅದನ್ನ ಬರೀರಿ" ಅಂದರು.

ಹೊಸದು ಅಂದರೆ ಒಂದೇ. ನನ್ನ ಮಗ ತನ್ನ ಫೋಟೋ ಧಂದೆಯ ಅರ್ಧ ಕೆಲಸವನ್ನು, ನಾವ್ಯಾರೂ ಕಣ್ಣಿಲೆ ನೋಡಿರದ ಒಬ್ಬ ಹೆಣ್ಣುಮಗಳ ಕೈಗೆ ಕೊಟ್ಟ. ಆಕೆ ಇರುವುದು ಪುಣೆಯಲ್ಲಿ, ಅಂಗಡಿ ಇರುವುದು ಜತ್ತದಲ್ಲಿ. ಅದನ್ನೇ ಬರೆಯುತ್ತೇನೆ.

ನನ್ನ ಲಗ್ನ 1982ರಲ್ಲಿ ಆಯಿತು. ಆ ಲಗ್ನದ್ದು ಒಂದೇ ಒಂದು ಕರಿ-ಬಿಳಿ ಫೋಟೋ ಐತಿ. ಅದರಾಗ ನಾನು ಬಾಸಿಂಗ ಕಟಗೊಂಡು ಯಾರೋ ಬೈದವರಂಗ ನಿಂತೀನಿ. ಮುಂದೆ ಬಣ್ಣದ ರೋಲ್ ಬಂತು. ಒಂದು ರೋಲಿನಲ್ಲಿ 36 ಫೋಟೋ. ತೆಗೆಯುವವನು ಎಣಿಸಿ ಎಣಿಸಿ ತೆಗೆಯುತ್ತಿದ್ದ. ಈಗ ಒಂದು ಲಗ್ನಕ್ಕೆ ಎರಡು ಸಾವಿರ, ಮೂರು ಸಾವಿರ ಫೋಟೋ ಆಗುತ್ತವೆ. ನಾವು ನೋಡುವುದು ಮಗ ಕ್ಯಾಮೆರಾ ಹಿಡಿದು ನಿಂತ ಒಂದು ದಿನ ಮಾತ್ರ. ಅದರ ಹಿಂದೆ ಎಂಟು ದಿನದ ದುಡಿತ ಇರುತ್ತದೆ. ಸಾವಿರಾರು ಫೋಟೋದಲ್ಲಿ ಒಳ್ಳೇವು ಆರಿಸಬೇಕು, ಬಣ್ಣ ತಿದ್ದಬೇಕು, ಅಲ್ಬಮ್ಮಿನ ಹಾಳೆ ಜೋಡಿಸಬೇಕು, ಗಿರಾಕಿಗೆ ಕಳಿಸಿ ಹೂಂ ಅನಿಸಿಕೊಳ್ಳಬೇಕು, ಅಚ್ಚಿಗೆ ಹಾಕಬೇಕು, ಬಾಕಿ ರೊಕ್ಕ ಕೇಳಬೇಕು. ಇದೆಲ್ಲದರ ನಡುವೆ ಫೋನು. "ಸಾಖರಪುಡಾಕ ಏನು ತಗೋತೀರಿ?" "ಹಳದಿಗೂ ಬರ್ತೀರೇನು?" "ಅಲ್ಬಮ್ ಎಂದ ಸಿಗತೈತಿ?"

ಮಗ ಒಬ್ಬನೇ. ಊಟಕ್ಕೆ ಕುಂತರೆ ಬಲಗೈಯಲ್ಲಿ ರೊಟ್ಟಿ, ಎಡಗೈಯಲ್ಲಿ ಫೋನು. ರಾತ್ರಿ ಒಂದು ಗಂಟೆಯವರೆಗೆ ಕಂಪ್ಯೂಟರ್. ಮೊಮ್ಮಗಳಿಗೆ ಶಾಲೆಯಲ್ಲಿ ಬಾಯವರು, "ನಿಮ್ಮಪ್ಪ ಎಲ್ಲಿ ಇರ್ತಾನ?" ಅಂತ ಕೇಳಿದಾಗ, "ಫೋನಿನ್ಯಾಗ" ಅಂದಳಂತೆ. ಎಲ್ಲರೂ ನಕ್ಕರು. ಸೊಸೆ ನಗಲಿಲ್ಲ.

ಒಂದು ವೈಶಾಖದಲ್ಲಿ ಆಗಬಾರದ್ದು ಆಯಿತು. ಒಂದು ಲಗ್ನದ ತಾರೀಖು ಅಂಗಡಿಯ ಕ್ಯಾಲೆಂಡರಿನಲ್ಲಿತ್ತು, ಇನ್ನೊಂದು ಅವನ ಫೋನಿನಲ್ಲಿತ್ತು. ಎರಡೂ ಒಂದೇ ದಿನ, ಒಂದೇ ಮುಹೂರ್ತ. ಎರಡೂ ಕಡೆ ಇಸಾರ ತಗೊಂಡಿದ್ದ. ಒಂದು ಮನೆಯವರು ನಮ್ಮ ಬೀಗರ ಪೈಕಿ. ಕಡೆ ಗಳಿಗೆಯಲ್ಲಿ ಬೇರೆ ಫೋಟೋದವರು ಯಾರೂ ಸಿಗಲಿಲ್ಲ. ಬೀಗರ ಮನೆಗೆ ತಪ್ಪು ಒಪ್ಪಿಕೊಳ್ಳಲು ನಾನು ಹೋದೆ. ವರನ ತಂದೆ ಸಿಟ್ಟು ಮಾಡಲಿಲ್ಲ. "ಫೋಟೋ ಅಂತೂ ಇಲ್ಲ, ನೀವರೆ ಒಂದು ಪದ ಹಾಡಿ ಹೋಗ್ರಿ" ಅಂದರು. ಅಕ್ಕಿಕಾಳು ಬಿದ್ದ ಮೇಲೆ ಹಾಡಿದೆ. ಹಾಡುವಾಗ ಆ ಮದುಮಗಳ ಮುಖ ನೋಡಲು ನನಗೆ ಆಗಲಿಲ್ಲ. ಆ ಮುಖ ಇವತ್ತಿಗೂ ಯಾವ ಗೋಡೆಯ ಮೇಲೂ ಇಲ್ಲ.

ಅದಾದ ಮೇಲೆ ವಿಜಯಪುರದ ಒಬ್ಬ ಫೋಟೋಗ್ರಾಫರ ಗೆಳೆಯ ಮಗನಿಗೆ ದಾರಿ ಹೇಳಿದ. ದೂರದಲ್ಲಿ ತಮ್ಮ ಮನೆಯಲ್ಲೇ ಕುಂತು, ಕಂಪ್ಯೂಟರ್ ಮೇಲೆ ನಮ್ಮ ಬರೆಯುವ-ತಿಳಿಸುವ ಕೆಲಸ ಮಾಡಿಕೊಡುವವರು ಇರುತ್ತಾರೆ, ಅವರಿಗೆ ವರ್ಚುವಲ್ ಅಸಿಸ್ಟೆಂಟ್ ಅನ್ನುತ್ತಾರೆ ಅಂತ. ನಾನು ಮೊದಲು ಅದು ಯಂತ್ರ ಅಂದುಕೊಂಡೆ. "ಯಂತ್ರ ಅಲ್ಲಪ್ಪಾ, ಮನಷ್ಯಾರು" ಅಂದ ಮಗ. ದಿನಕ್ಕೆ ಎರಡು ತಾಸು, ತಿಂಗಳಿಗೆ 6,000 ರೂಪಾಯಿ. ಸಿಕ್ಕಾಕಿ ಪುಣೆಯಲ್ಲಿ ಹುಟ್ಟಿ ಬೆಳೆದಾಕಿ. ತಂದೆತಾಯಿ ನಮ್ಮ ಕಡೆಯವರು. ಮನೆಯಲ್ಲಿ ಕನ್ನಡ, ಶಾಲೆ ಮರಾಠಿ.

ನನಗೆ ಸರಿ ಅನಿಸಲಿಲ್ಲ. "ಮುಖ ನೋಡಲಾರದವರ ಕೈಯಾಗ ಮನಿ ಕೀಲಿ ಕೊಡತಿ ಏನು?" ಅಂದೆ. ಮಗ ಹೇಳಿದ: ಅಂಗಡಿಯ ವಾಟ್ಸಾಪ್ ನಂಬರನ್ನು ಫೋನಿನ ಹೊರತು ಇನ್ನೂ 4 ಕಡೆ ಜೋಡಿಸಬಹುದು. ಅದರಲ್ಲಿ ಒಂದು ಆಕೆಯ ಕಂಪ್ಯೂಟರು. ಬ್ಯಾಡ ಅನಿಸಿದ ದಿನ ತನ್ನ ಫೋನಿನಿಂದಲೇ ಆ ಜೋಡಣಿ ತೆಗೆಯಬಹುದು. ರೊಕ್ಕ ನೇರ ತನ್ನ ಖಾತೆಗೇ ಬರುತ್ತದೆ. ಬ್ಯಾಂಕಿನ ಓಟಿಪಿ ಯಾರಿಗೂ ಕೊಡುವುದಿಲ್ಲ. ಆಕೆ ಬಿಲ್ಲು ಕಳಿಸುತ್ತಾಳೆ, ಗಲ್ಲೆಗೆ ಕೈ ಹಚ್ಚುವುದಿಲ್ಲ. ಇಷ್ಟು ಕೇಳಿದ ಮೇಲೆ ನಾನು ಸುಮ್ಮನಾದೆ. ಒಪ್ಪಿದೆ ಅಂತಲ್ಲ.

ಎರಡು ತಿಂಗಳು ಚಲೋ ನಡೆಯಿತು. ಆಮೇಲೆ ಒಂದು ಮುಂಜಾನೆ ನನ್ನ ತುಂತುಣಿಯವ ತೀರಿಕೊಂಡ ಸುದ್ದಿ ಬಂತು.

ಅವನ ಬಗ್ಗೆ ಎರಡು ಮಾತು ಹೇಳಬೇಕು. ಗೀಗೀ ಪದದಲ್ಲಿ ಮುಂದೆ ದಪ್ಪು ಹಿಡಿದು ಹಾಡುವವ ಒಬ್ಬ. ಹಿಂದೆ ತುಂತುಣಿಯವ, ತಾಳದವ. ಮುಂದಿನವ ಒಂದು ನುಡಿ ಹೇಳಿ ಬಿಟ್ಟ ಕೂಡಲೇ ಅದರ ತುದಿಯನ್ನು ಹಿಂದಿನವರು ಎತ್ತಿಕೊಳ್ಳುತ್ತಾರೆ. ಅಷ್ಟರೊಳಗೆ ಮುಂದಿನವ ಉಸಿರು ತಗೊಳ್ಳಬೇಕು, ಮುಂದಿನ ನುಡಿ ನೆನೆಸಿಕೊಳ್ಳಬೇಕು. ಹರದೇಶಿ-ನಾಗೇಶಿ ವಾದ ಬಿದ್ದಾಗ ಎದುರಿನ ಮೇಳಕ್ಕೆ ಕೊಡುವ ಉತ್ತರ ಹುಟ್ಟುವುದು ಆ ಒಂದು ಉಸಿರಿನಲ್ಲೇ. ಜನ ಮುಂದಿನವನ ಹೆಸರು ಹೇಳುತ್ತಾರೆ. ಆದರೆ ಹಿಮ್ಮೇಳ ಇಲ್ಲದವ ನಾಲ್ಕು ಪದ ಹಾಡುವುದರೊಳಗೆ ದಣಿದು ಕೂಡುತ್ತಾನೆ. ನನ್ನ ಹಿಂದೆ ಅವನು 31 ವರ್ಷ ನಿಂತ.

ನಾನು ಓಡಿದೆ. ಮಣ್ಣಾದ ಮೇಲೆ ಕಟ್ಟೆಯ ಮೇಲೆ ಕುಂತಾಗ ಅವನ ಮೊಮ್ಮಗ ಬಂದು ನನಗೆ ಫೋನು ತೋರಿಸಿದ. ಹುಡುಗ ರಾತ್ರಿಯೇ ನಮ್ಮ ಅಂಗಡಿಯ ನಂಬರಿಗೆ ಕನ್ನಡದಲ್ಲಿ ಬರೆದು ಹಾಕಿದ್ದ. ಅಜ್ಜ ತೀರಿಕೊಂಡ್ರು, ಮೂರನೇ ದಿನಕ್ಕ ದೊಡ್ಡ ಫೋಟೋ ಬೇಕು ಅಂತ. ಅದರ ಕೆಳಗೆ ನಮ್ಮ ಅಂಗಡಿಯಿಂದ ಮರಾಠಿಯಲ್ಲಿ ಉತ್ತರ ಹೋಗಿತ್ತು: ಹಾರ್ದಿಕ ಅಭಿನಂದನೆ, ನಿಮ್ಮ ಶುಭಕಾರ್ಯದ ತಾರೀಖು ತಿಳಿಸಿರಿ, ಸಂಗಡ ಒಂದು ಹೂವಿನ ಗುಚ್ಛದ ಚಿತ್ರ.

ಹುಡುಗ ಬೈಯಲಿಲ್ಲ. "ನೋಡ್ರಿ ಅಜ್ಜಾ" ಅಂದ, ಅಷ್ಟೆ. ನನಗೆ ಭೂಮಿ ಬಾಯಿಬಿಟ್ಟರೆ ಸಾಕಾಗಿತ್ತು. ಮಗ ಆ ರಾತ್ರಿ ಸಾಂಗೋಲೆಯ ಕಡೆ ಲಗ್ನದಲ್ಲಿದ್ದ. ಅವನಿಗೆ ಏನೂ ಗೊತ್ತಿರಲಿಲ್ಲ.

ಮೂರನೇ ದಿನ ತಂದೆ-ಮಗ ಇಬ್ಬರೂ ಫೋಟೋ ತಗೊಂಡು ಹೋದೆವು. ಗುಡ್ಡಾಪುರದ ದಾನಮ್ಮನ ಜಾತ್ರೆಯಲ್ಲಿ ಮಗ ತೆಗೆದದ್ದು. ತುಂತುಣಿ ಹೆಗಲಿಗೆ, ಕಣ್ಣು ಅರ್ಧ ಮುಚ್ಚಿ ನಗುತ್ತಿದ್ದ. ತಂಗೆವ್ವ ಚೌಕಟ್ಟಿನ ಮೇಲೆ ಕೈಯಾಡಿಸಿ, "ಸತ್ತರೂ ತುಂತುಣಿ ಬಿಟ್ಟಿಲ್ಲ ನೋಡು" ಅಂದಳು. ಮಗ ತಲೆ ಬಾಗಿಸಿ, "ಆಯಿ, ನಂದ ತಪ್ಪು" ಅಂದ. ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದಳು. "ತಪ್ಪು ಎಲ್ಲಾರದೂ ಆಗತಾವ. ಇನ್ನೊಬ್ಬರ ಮನಿಗೆ ಹಿಂಗ ಕಳಸಬ್ಯಾಡೋ ತಮ್ಮಾ" ಅಂದಳು.

ಗಾಡಿಯ ಮೇಲೆ ತಿರುಗಿ ಬರುವಾಗ ಮಗ, "ನಾಳಿಂದ ಆಕೀನ ಬಿಡಸತೀನಿ" ಅಂದ. ಬೇರೆ ದಿನ ಆಗಿದ್ದರೆ ನಾನೇ ಮೊದಲು ಹೂಂ ಅನ್ನುತ್ತಿದ್ದೆ. ಆದರೆ ಆ ದಾರಿಯಲ್ಲಿ ನನಗೆ ತುಂತುಣಿಯವನ ಮೊದಲನೇ ವರ್ಷ ನೆನಪಾಗಿತ್ತು. ಒಂದು ಜಾತ್ರೆಯಲ್ಲಿ ಎದುರಿನ ಮೇಳದ ಮುಂದೆ ಅವನು ಸೂರು ತಪ್ಪಿದ. ಜನ ನಕ್ಕರು. ನಾನು ಅವನ ಮೇಲೆ ಹರಿಹಾಯ್ದೆ. ಆಗ ಅವನು ಮೆತ್ತಗೆ, "ಅಣ್ಣಾ, ಈ ಪದ ನೀ ನನಗ ಒಮ್ಮೆರೆ ಹೇಳಿಕೊಟ್ಟಿಯೇನು?" ಅಂದ. ಕೊಟ್ಟಿರಲಿಲ್ಲ. ಮುಂದೆ ಒಂದು ಚಳಿಗಾಲ ಪೂರ್ತಿ ರಾತ್ರಿ ಕುಂತು ಕಲಿಸಿದೆ. ಆ ಮೇಲೆ 31 ವರ್ಷ ನಾನು ಹಿಂದೆ ತಿರುಗಿ ನೋಡಲಿಲ್ಲ.

ಮಗನಿಗೆ ಅದನ್ನೇ ಹೇಳಿದೆ. "ಹಿಮ್ಮ್ಯಾಳ ತಪ್ಪಿದಾಗ ಮೊದಲ ಹೇಳಿಕೊಟ್ಟಾಂವನ್ನ ಕೇಳಬೇಕು. ನೀ ಏನು ಹೇಳಿಕೊಟ್ಟಿ?" ಮಗ ಗಾಡಿ ನಿಲ್ಲಿಸಿದ. ನಂಬರು ಕೊಟ್ಟಿದ್ದ, ತಯಾರಿ ಉತ್ತರಗಳನ್ನು ಕೊಟ್ಟಿದ್ದ. ಬೇರೆ ಏನೂ ಇಲ್ಲ.

ರಾತ್ರಿ ಆಕೆಗೆ ಫೋನು ಹಚ್ಚಿದೆವು. ಆ ಹುಡುಗಿ ಅತ್ತಳು. "ಕಾಕಾ, ನನಗ ಕನ್ನಡ ಮಾತಾಡಾಕ ಬರ್ತದ, ಓದಾಕ ಬರೂದಿಲ್ಲ. ಕೆಲಸ ಹೋಗತದ ಅಂತ ಅಂಜಿ ಹೇಳಲಿಲ್ಲ. ಫೋಟೋ ಕೇಳ್ಯಾರ ಅಂತ ತಿಳಕೊಂಡು ಯಾವಾಗಿಂದ ಉತ್ತರ ಹಾಕಿಬಿಟ್ಟೆ" ಅಂದಳು. ನಮ್ಮ ಕಡೆ ಬರುವ ಸಂದೇಶದಲ್ಲಿ ಅರ್ಧ ಕನ್ನಡ ಅಕ್ಷರ. ಕಚೇರಿಯ ಕಾಗದ ಮರಾಠಿ, ಮನಸ್ಸಿನ ಮಾತು ಕನ್ನಡ. ಸಾವಿನ ಸುದ್ದಿಯನ್ನಂತೂ ನಮ್ಮ ಮಂದಿ ಕನ್ನಡದಲ್ಲೇ ಬರೆಯುತ್ತಾರೆ. ಇದು ನಮಗೂ ಹೊಳೆದಿರಲಿಲ್ಲ.

ನಾನು ನಮ್ಮ ಶಾಲೆಯ ಮಾಸ್ತರರಿಂದ ಒಂದನೇ ಇಯತ್ತೆಯ ಹಳೆಯ ಕನ್ನಡ ಬಾಲಭಾರತಿ ಇಸಗೊಂಡು ಅಂಚೆಯಲ್ಲಿ ಪುಣೆಗೆ ಕಳಿಸಿದೆ. ಮಾಸ್ತರರು ನಕ್ಕು, "ಬಾಲಭಾರತಿ ಮಂಡಳ ಇರೂದ ಪುಣೆದಾಗ. ಪುಸ್ತಕ ತವರಿಗೆ ಹೊಂಟೈತಿ" ಅಂದರು.

ಮಗ ನೂರು ಪುಟದ ಒಂದು ವಹಿ ತಂದ. ನಾಲ್ಕು ರಾತ್ರಿ ಕುಂತು ಕೆಲಸ ಹಂಚಿ ಬರೆದ. ತಾರೀಖು ಇನ್ನು ಮೇಲೆ ಒಂದೇ ಕಡೆ, ಇಬ್ಬರಿಗೂ ಕಾಣುವಂಥ ಕ್ಯಾಲೆಂಡರಿನಲ್ಲಿ. ಇಸಾರ ಬಂದ ಮೇಲೆಯೇ ತಾರೀಖು ಖಾಯಂ. ದರ ಕೇಳಿದವರಿಗೆ ಆಕೆ ಉತ್ತರ ಕೊಡುವುದು, ದರ ಇಳಿಸುವ ಮಾತು ಮಗನದು. ಸಾವಿನ ಮನೆಯ ಸಂದೇಶ ಬಂದರೆ ಒಂದು ಅಕ್ಷರವೂ ಬರೆಯಬಾರದು. ಎಷ್ಟೇ ರಾತ್ರಿ ಇರಲಿ ಮಗನಿಗೆ ಫೋನು ಮಾಡಬೇಕು, ಆ ಮನೆಗೆ ಅವನೇ ಮಾತಾಡಬೇಕು. ಓದಲು ತಿಳಿಯದಿದ್ದರೆ ಕೇಳಬೇಕು. ಕೇಳಿದ್ದಕ್ಕೆ ಯಾರೂ ಸಿಟ್ಟಾಗುವುದಿಲ್ಲ. ಈ ಕಡೆಯ ಮಾತನ್ನು ದಪ್ಪ ಅಕ್ಷರದಲ್ಲಿ ಬರೆಯಲು ನಾನೇ ಹೇಳಿದೆ.

ಫೋಟೋ ಆರಿಸುವ ಕೆಲಸಕ್ಕೂ ಕಟ್ಟು ಮಾಡಿದ. ಆಕೆಗೆ ಹೋಗುವುದು ಸಣ್ಣ ಪ್ರತಿಗಳು. ಅಸಲು ಫೋಟೋ ಎರಡು ಹಾರ್ಡ್‌ಡಿಸ್ಕಿನಲ್ಲಿ, ಒಂದು ಅಂಗಡಿಯಲ್ಲಿ, ಒಂದು ನಮ್ಮ ಮನೆಯ ಟ್ರಂಕಿನಲ್ಲಿ ನನ್ನ ಪದದ ವಹಿಗಳ ಸಂಗಡ. ಕಣ್ಣು ಮುಚ್ಚಿದ್ದು, ಎರಡೆರಡು ಆದದ್ದು ಬ್ಯಾರೆ ಇಡಬೇಕು, ಅಳಿಸಬಾರದು. ಮುದುಕರ ಫೋಟೋ ಮಬ್ಬಾಗಿದ್ದರೂ ಇಡಬೇಕು. ಯಾಕಂದರೆ ಎಷ್ಟೋ ಮನೆಯಲ್ಲಿ ಅದೇ ಕಡೆಯ ಫೋಟೋ ಆಗಿರುತ್ತದೆ.

ಒಂದು ದಿನ ಆಕೆಯೇ ನನಗೆ ಫೋನು ಮಾಡಿದಳು. "ಕಾಕಾ, ನಾಕು ಮೂಲ್ಯಾಗ ತಂಬಿಗಿ ಇಟ್ಟು ನೂಲು ಸುತ್ತಿ ನಡುವ ನೀರು ಹಾಕತಾರಲ್ಲ, ಅದು ಏನು? ಎಲ್ಲಾ ಒಂದ ನಮೂನಿ ಕಾಣತಾವ, ತಗದುಬಿಡಲೇನು?" ಅಂದಳು. ನಾನು ಸುರಗಿ ಅಂದರೇನು ಅಂತ ಹೇಳಿದೆ. ಯಾರು ಯಾರು ಕೂಡತಾರ, ಯಾಕ ನೂಲು ಸುತ್ತತಾರ, ಹೆಣ್ಣುಮಕ್ಕಳು ಆಗ ಏನು ಹಾಡತಾರ ಅಂತ ಅರ್ಧ ತಾಸು ಹೇಳಿದೆ, ಒಂದೆರಡು ಹಾಡಿಯೂ ತೋರಿಸಿದೆ. ಆಕೆಯ ತಾಯಿಗೆ ಅದೆಲ್ಲ ಗೊತ್ತಿತ್ತಂತೆ, ಮಗಳು ಕೇಳಿರಲಿಲ್ಲ, ತಾಯಿ ಹೇಳಿರಲಿಲ್ಲ. ಅವತ್ತಿನಿಂದ ಸುರಗಿಯ ಫೋಟೋ ಒಂದೂ ಬಿಟ್ಟುಹೋಗಿಲ್ಲ.

ಈಗ ಮಗ ರಾತ್ರಿ ಎಂಟಕ್ಕೆ ಮನೆಗೆ ಬರುತ್ತಾನೆ. ಊಟಕ್ಕೆ ಕುಂತಾಗ ಫೋನು ಗೂಡಿನಲ್ಲಿ ಇರುತ್ತದೆ. ಸಾವಿನ ಮನೆಯ ಕರೆ ಬಂದರೆ ಮಾತ್ರ ಏಳುತ್ತಾನೆ. ತಿಂಗಳಿಗೆ ಆರು ಸಾವಿರ ಹೋಗುವುದು ಖರೆ. ಕೆಲಸ ಕಡಿಮೆ ಇರುವ ಮಳೆಗಾಲದಲ್ಲಿ ಅದು ಭಾರವೂ ಆಗುತ್ತದೆ. ಆದರೆ ಒಂದು ಲಗ್ನ ತಪ್ಪಿಸಿಕೊಂಡರೆ ಹೋಗುವುದು ಅದಕ್ಕಿಂತ ಹೆಚ್ಚು, ಹೆಸರಿಗಂತೂ ಬೆಲೆ ಇಲ್ಲ. ಕ್ಯಾಮೆರಾ ಹಿಡಿಯುವುದು, ಕಡೆಯ ಫೋಟೋ ಆರಿಸುವುದು, ತಪ್ಪಾದಾಗ ಹೋಗಿ ತಲೆ ಬಾಗಿಸುವುದು, ಈ ಮೂರನ್ನು ಅವನು ಯಾರಿಗೂ ಕೊಟ್ಟಿಲ್ಲ.

ನಮ್ಮೂರಲ್ಲಿ ದಾಳಿಂಬದ ವ್ಯಾಪಾರ ಮಾಡುವವರು, ಹಾಲಿನ ಡೇರಿ ನಡೆಸುವವರು ಹುಡುಗರು ಬಹಳ ಇದ್ದಾರೆ. ಎಲ್ಲವನ್ನೂ ಒಬ್ಬರೇ ಹೊತ್ತು ಏದುಸಿರು ಬಿಡುತ್ತಾರೆ. ಅವರಿಗೆ ನಾನು ಹೇಳುವುದು ಇಷ್ಟೇ. ಹಿಮ್ಮೇಳ ಇಟ್ಟುಕೊಳ್ಳಿರಿ. ಆದರೆ ಪದ ಕಲಿಸದೆ ಅಟ್ಟದ ಮೇಲೆ ಏರಿಸಬ್ಯಾಡ್ರಿ.

ಹೋದ ತಿಂಗಳು ನನ್ನ ಫೋನಿಗೆ ಪುಣೆಯಿಂದ ಕನ್ನಡ ಅಕ್ಷರದಲ್ಲಿ ಒಂದು ಸಂದೇಶ ಬಂತು. ಒತ್ತು ತಪ್ಪಿದ್ದವು, ತುಂತುಣಿ ಹೋಗಿ ತುಂತುನಿ ಆಗಿತ್ತು. ಹಳೆಯ ಜಾತ್ರೆಯ ಫೋಟೋ ಒಂದನ್ನು ಕಳಿಸಿ ಕೇಳಿದ್ದಳು: "ಕಾಕಾ, ನಿಮ್ಮ ಹಿಂದ ತುಂತುನಿ ಹಿಡದ ಅಜ್ಜ ಅವರೇ ಏನ್ರಿ?"

ಏನು ಬರೆಯಬೇಕೋ ತಿಳಿಯಲಿಲ್ಲ. ಫೋನು ಹಚ್ಚಿದೆ. "ಹೌದವ್ವಾ, ಅವನ" ಅಂದೆ.