ಮೌಂಟನ್ ಮೆಡೋಸ್: ಯೂಟಾ ನಾಡಿನ ಒಂದು ಹುಲ್ಲುಗಾವಲು

ಅಮೆರಿಕಾದ ಯೂಟಾ ಸಂಸ್ಥಾನಕ್ಕೆ ಹೋಗುವ ಪ್ರವಾಸಿಗಳು ಸಾಮಾನ್ಯವಾಗಿ ಅಲ್ಲಿನ ಉಪ್ಪುಸರೋವರವನ್ನೂ ಅದರ ಹೆಸರನ್ನೇ ಹೊತ್ತ ರಾಜಧಾನಿಯನ್ನೂ ನೋಡಿ ಹಿಂದಿರುಗುತ್ತಾರೆ. ರಾಜಧಾನಿಯಿಂದ ದಕ್ಷಿಣಕ್ಕೆ ಸುಮಾರು 300 ಮೈಲಿ ಸಾಗಿದರೆ ಸೇಂಟ್ ಜಾರ್ಜ್ ಎಂಬ ಊರು ಸಿಗುತ್ತದೆ. ಸುತ್ತಲೂ ಕೆಮ್ಮಣ್ಣಿನ ಬಣ್ಣದ ಕಲ್ಲುಬೆಟ್ಟಗಳು. ನಡುವೆ ಸುಣ್ಣ ಬಳಿದಂತೆ ಬೆಳ್ಳಗಿರುವ ಮಾರ್ಮನ್ ದೇವಾಲಯ. ಅಲ್ಲಿಂದ ಉತ್ತರಕ್ಕೆ ಮತ್ತೆ 35 ಮೈಲಿಯಷ್ಟು ಏರಿದರೆ ಬೆಟ್ಟಗಳ ಮಡಿಲಲ್ಲಿ ಹುಲ್ಲು ಬೆಳೆದ ಕಣಿವೆಯೊಂದು ತೆರೆದುಕೊಳ್ಳುತ್ತದೆ. ಕ್ಯಾಲಿಫೋರ್ನಿಯಾಕ್ಕೆ ಹೊರಟ ಬಂಡಿಗಳು ಮರುಭೂಮಿಯನ್ನು ಹೊಗುವ ಮುನ್ನ ಎತ್ತುಗಳನ್ನು ಮೇಯಿಸಲು ತಂಗುತ್ತಿದ್ದ ತಾಣವಿದು. ನೋಡಲು ಇಲ್ಲಿ ವಿಶೇಷವೇನೂ ಇಲ್ಲ. ಆದರೂ ಮಾರ್ಮನ್ ಚರಿತ್ರೆಯನ್ನು ಬರೆಯಹೊರಟ ಯಾವ ವಿದ್ವಾಂಸನೂ ಇದನ್ನು ಬಳಸಿ ಹೋಗುವಂತಿಲ್ಲ.

ಜೋಸೆಫ್ ಸ್ಮಿತ್ ಎಂಬ ತರುಣನು 1830ರಲ್ಲಿ ‘ಬುಕ್ ಆಫ್ ಮಾರ್ಮನ್’ ಗ್ರಂಥವನ್ನು ಪ್ರಕಟಿಸಿ ಈ ಪಂಥವನ್ನು ಸ್ಥಾಪಿಸಿದನು. ಹೋದೆಡೆಯಲ್ಲೆಲ್ಲ ನೆರೆಹೊರೆಯವರ ದ್ವೇಷ. 1844ರಲ್ಲಿ ಸೆರೆಮನೆಗೆ ನುಗ್ಗಿದ ಗುಂಪಿನ ಗುಂಡಿಗೆ ಆತನೇ ಬಲಿಯಾದನು. ಬ್ರಿಗಂ ಯಂಗ್‌ನ ನಾಯಕತ್ವದಲ್ಲಿ ಅನುಯಾಯಿಗಳು 1847ರಲ್ಲಿ ಯೂಟಾ ಸೇರಿದರು. ಹತ್ತು ವರ್ಷ ಕಳೆಯುವುದರೊಳಗೆ ಕೇಂದ್ರ ಸರ್ಕಾರವು ಅವರ ಮೇಲೆ ಸೈನ್ಯವನ್ನು ಕಳುಹಿಸಿತು. ಹಳೆಯ ಗಾಯವಿನ್ನೂ ಮಾಯದಿದ್ದ ಜನ ಭಯದಿಂದ ಕುದಿಯುತ್ತಿದ್ದರು.

ಆ ದುರ್ದಿನಗಳಲ್ಲಿಯೇ ಅರ್ಕನ್ಸಾ ಪ್ರಾಂತದ ಕುಟುಂಬಗಳ ತಂಡವೊಂದು ಈ ಹುಲ್ಲುಗಾವಲಿನಲ್ಲಿ ಬೀಡುಬಿಟ್ಟಿತು. ಐದು ದಿನದ ಮುತ್ತಿಗೆಯ ಬಳಿಕ, 1857ರ ಸೆಪ್ಟೆಂಬರ್ 11ರಂದು, ಜಾನ್ ಡಿ. ಲೀ ಎಂಬಾತನು ಬಿಳಿಯ ಬಾವುಟ ಹಿಡಿದು ಹೋಗಿ ಆಯುಧಗಳನ್ನು ಒಪ್ಪಿಸಿದರೆ ರಕ್ಷಣೆ ಕೊಡುವುದಾಗಿ ನಂಬಿಸಿದನು. ನಂಬಿ ಹೊರಬಂದ ಸುಮಾರು 120 ಮಂದಿ ಸ್ಥಳೀಯ ಮಾರ್ಮನ್ ಸೈನಿಕರ ಹಾಗೂ ಅವರೊಡನಿದ್ದ ಕೆಲವು ಪಾಯೂಟ್ ಜನರ ಕೈಯಲ್ಲಿ ಹತರಾದರು. ಎಳೆಯ ವಯಸ್ಸಿನ 17 ಮಕ್ಕಳನ್ನು ಮಾತ್ರ ಉಳಿಸಿದರು. ಪ್ರಯಾಣಿಕರನ್ನು ತಡೆಯಬೇಡಿರೆಂಬ ಬ್ರಿಗಂ ಯಂಗ್‌ನ ಪತ್ರ ತಲುಪಿದುದು ಎರಡು ದಿನ ತಡವಾಗಿ.

ಅಪರಾಧದ ಹೊರೆಯನ್ನು ಬಹುಕಾಲ ಪಾಯೂಟರ ತಲೆಗೆ ಕಟ್ಟಲಾಯಿತು. ಶಿಕ್ಷೆಯಾದುದು ಲೀ ಒಬ್ಬನಿಗೇ. 1877ರ ಮಾರ್ಚ್ 23ರಂದು ಇದೇ ಹುಲ್ಲುಗಾವಲಿಗೆ ಕರೆತಂದು ಅವನನ್ನು ಗುಂಡಿಟ್ಟು ಕೊಂದರು. ಎರಡೇ ವಾರಗಳ ತರುವಾಯ ಸೇಂಟ್ ಜಾರ್ಜಿನ ಬಿಳಿಯ ದೇವಾಲಯದ ಪ್ರತಿಷ್ಠೆ ನಡೆಯಿತು.

ಇನ್ನು ಜುವನೀಟಾ ಬ್ರೂಕ್ಸ್ ಅವರ ಮಾತು. 1898ರಲ್ಲಿ ಹುಟ್ಟಿದ ಈಕೆ ಮಾರ್ಮನ್ ಮನೆತನದವರು. ಸೇಂಟ್ ಜಾರ್ಜಿನ ಕಾಲೇಜಿನಲ್ಲಿ ಇಂಗ್ಲಿಷ್ ಉಪಾಧ್ಯಾಯಿನಿ. 1919ರಲ್ಲಿ, ಇನ್ನೂ ಎಳೆಯ ಶಾಲಾಶಿಕ್ಷಕಿಯಾಗಿದ್ದಾಗ, ನೀಫೈ ಜಾನ್ಸನ್ ಎಂಬ ವೃದ್ಧರು ತಾವು ಕಂಡುದನ್ನು ಸಾಯುವ ಮೊದಲು ಬರೆದಿಡಬೇಕೆಂದು ಈಕೆಯನ್ನು ಬೇಡಿದ್ದರು. ನಾಳೆ ನಾಡಿದ್ದೆಂದು ದಿನ ತಳ್ಳಿ ಈಕೆ ಹೋಗುವ ವೇಳೆಗೆ ಮುದುಕರಿಗೆ ಸನ್ನಿ ಹಿಡಿದಿದ್ದಿತು. ರಕ್ತ, ರಕ್ತವೆಂದು ಕೂಗಿಕೊಳ್ಳುತ್ತಿದ್ದರು. ಆ ಕೂಗು ಬ್ರೂಕ್ಸರನ್ನು ಮುಂದೆಂದೂ ಬಿಡಲಿಲ್ಲ.

ತುಂಬಿದ ಸಂಸಾರ, ಮನೆಗೆಲಸ, ನಡುವೆ ಟೈಪುಯಂತ್ರ. ನೆರೆಯವರು ಬಾಗಿಲು ತಟ್ಟಿದರೆ ಇಸ್ತ್ರಿಯ ಬಟ್ಟೆಗಳು ಮುಂದೆ ಬರುತ್ತಿದ್ದವು. ಬರೆಯುವ ಹೆಂಗಸೆಂಬ ಮಾತು ಊರಿನಲ್ಲಿ ಅಷ್ಟು ಒಳ್ಳೆಯದಲ್ಲವಷ್ಟೆ! ಸಂಘದ ಭಂಡಾರದಲ್ಲಿದ್ದ ಕೆಲವು ಸಾಕ್ಷ್ಯಪತ್ರಗಳನ್ನು ನೋಡಗೊಡಲಿಲ್ಲ. ಸಿಕ್ಕ ದಿನಚರಿಗಳಿಂದ, ಮುದುಕರ ಬಾಯಿಮಾತುಗಳಿಂದ ಸತ್ಯವನ್ನು ಎಳೆಯೆಳೆಯಾಗಿ ಬಿಡಿಸಿದರು. 1950ರಲ್ಲಿ ಸ್ಟಾನ್‌ಫರ್ಡ್ ವಿಶ್ವವಿದ್ಯಾನಿಲಯದ ಮುದ್ರಣಾಲಯವು ಅವರ ಗ್ರಂಥವನ್ನು ಹೊರತಂದಿತು. ಕೊಂದವರು ತನ್ನ ಊರಿನ, ತನ್ನ ಮತದ ಸಜ್ಜನರೇ ಎಂದು ಬರೆಯಲು ಎಂತಹ ಎದೆ ಬೇಕು! ಶತ್ರುವಿನ ದೋಷವನ್ನು ಬರೆಯುವುದು ಇದರ ಮುಂದೆ ಮಕ್ಕಳಾಟ.

ಜೋಸೆಫ್ ಸ್ಮಿತ್‌ನ ಜೀವನಚರಿತ್ರೆಯನ್ನು 1945ರಲ್ಲಿ ಪ್ರಕಟಿಸಿದ ಫಾನ್ ಬ್ರೋಡೀ ಮರುವರ್ಷವೇ ಬಹಿಷ್ಕೃತರಾಗಿದ್ದರು. ಬ್ರೂಕ್ಸರಿಗೆ ಬಹಿಷ್ಕಾರ ಬರಲಿಲ್ಲ. ಆದರೆ ಎಷ್ಟೋ ಮಂದಿ ಪರಿಚಿತರು ಮುಖ ತಿರುಗಿಸಿದರು. ಈಕೆ ಮಾತ್ರ ಪಂಥವನ್ನೂ ಬಿಡಲಿಲ್ಲ, ಬರೆದುದನ್ನೂ ಅಳಿಸಲಿಲ್ಲ. 1961ರಲ್ಲಿ ಸಂಘವು ಲೀಗೆ ಮರಣೋತ್ತರವಾಗಿ ಸದಸ್ಯತ್ವವನ್ನು ಮರಳಿಸಿತು.

1989ರಲ್ಲಿ ಬ್ರೂಕ್ಸ್ ತೀರಿಕೊಂಡರು. ಹತ್ತು ವರ್ಷಗಳ ನಂತರ ಹೊಸ ಸ್ಮಾರಕಕ್ಕೆ ನೆಲ ಅಗೆಯುವಾಗ ಯಂತ್ರದ ಹಲ್ಲಿಗೆ ಮನುಷ್ಯರ ಎಲುಬುಗಳು ಸಿಕ್ಕವು. ಕಡಮೆಯೆಂದರೆ 28 ಮಂದಿಯವು. 2007ರಲ್ಲಿ, ಘಟನೆಯ ನೂರೈವತ್ತನೆಯ ವರ್ಷ, ಸಂಘದ ಹಿರಿಯ ಹೆನ್ರಿ ಐರಿಂಗ್ ಇದೇ ಕಣಿವೆಯಲ್ಲಿ ನಿಂತು ವಿಷಾದವನ್ನು ಸೂಚಿಸಿದರು. ಪಾಯೂಟರ ಹೆಸರನ್ನೂ ಎತ್ತಿದರು. ಮರುವರ್ಷ ಮೂವರು ಮಾರ್ಮನ್ ಇತಿಹಾಸಕಾರರು, ಬ್ರೂಕ್ಸರಿಗೆ ಮುಚ್ಚಿದ್ದ ಭಂಡಾರವನ್ನೇ ಬಳಸಿ, ಇದೇ ವಿಷಯದ ಮೇಲೆ ದೊಡ್ಡ ಗ್ರಂಥವನ್ನು ಪ್ರಕಟಿಸಿದರು.

ಈಗ ಗುಡ್ಡದ ಮೇಲೆ 1990ರಲ್ಲಿ ನಿಲ್ಲಿಸಿದ ಕಲ್ಲುಫಲಕವಿದೆ. ಬಂದವರು ಅದರ ಮುಂದೆ ನಿಂತು ಸತ್ತವರ ಹೆಸರುಗಳನ್ನು ಒಂದೊಂದಾಗಿ ಓದುತ್ತಾರೆ. ಕೆಳಗೆ ಹುಲ್ಲು ಗಾಳಿಗೆ ಬಾಗುತ್ತಿರುತ್ತದೆ.