ನೋಂದಣಿಗೆ ಮೊದಲೇ ಬಂದ ಸೋಫಾ

ವಿಮ್ಸ್ ಆಸ್ಪತ್ರೆಗೆ ರೋಗಿಯನ್ನು ಕರೆತಂದವರು ಬಳ್ಳಾರಿಯಲ್ಲಿ ನಾಲ್ಕು ದಿನ ಇರಲು ಜಾಗ ಸಿಗದೆ ಪಡುವ ಪಾಡು ಸಿರುಗುಪ್ಪ, ಕುರುಗೋಡಿನ ಕಡೆಯವರಿಗೆ ಚೆನ್ನಾಗಿ ಗೊತ್ತು. ಅಂಥವರಿಗೆ ದಿನದ ಬಾಡಿಗೆಗೆ ಕೊಡಬೇಕೆಂದೇ ಕಂಟೋನ್ಮೆಂಟ್ ಕಡೆ ಹಳೆಯ ಮಹಡಿ ಮನೆಯೊಂದನ್ನು ಕೊಳ್ಳಲು ಮುಂಗಡ ಕೊಟ್ಟು ಅಗ್ರಿಮೆಂಟ್ ಮಾಡಿಸಿದೆ. ಅಷ್ಟರಲ್ಲಿ ದೀಪಾವಳಿ ಆಫರ್ ಬಂತು. ನೋಂದಣಿ ಇನ್ನೇನು ಆಗೇಬಿಟ್ಟಿತು ಎಂಬ ಧೈರ್ಯದಲ್ಲಿ ಮಂಚ, ಹಾಸಿಗೆ, ಬೀರು, ಎಲ್ ಆಕಾರದ ಸೋಫಾ, ಎಸಿ ಎಲ್ಲವನ್ನೂ ಕಂತಿನ ಮೇಲೆ ಕೊಂಡೆ. ಉಳಿಯುವವರು ಯಾರೆಂದು ಗೊತ್ತಿದ್ದೂ, ನನ್ನ ಸ್ವಂತ ಮನೆಗೆ ಆರಿಸುವ ಹಾಗೆ ಆರಿಸಿದ್ದೆ.

2024ರ ಕೊನೆಯಿಂದ ನಗರದ ಆಸ್ತಿಗೆ ಇ-ಖಾತಾ ಇಲ್ಲದೆ ನೋಂದಣಿ ಇಲ್ಲ. ಮಾರುವವರ ಇ-ಖಾತಾದ ಅಳತೆ ಹಳೆಯ ಕ್ರಯಪತ್ರದ ಅಳತೆಗೆ ತಾಳೆಯಾಗಲಿಲ್ಲ. ತಿದ್ದುಪಡಿಗೆ ಅರ್ಜಿ ಹಾಕಿ ಕಾಯಬೇಕಾಯಿತು. ಸಾಮಾನನ್ನು ಸಿರುಗುಪ್ಪದ ಸೋದರಮಾವನ ರೈಸ್ ಮಿಲ್ಲಿನ ಗೋದಾಮಿಗೆ ಸಾಗಿಸಿದೆ. ತುಂಗಭದ್ರಾ ಕಾಲುವೆ ಸೀಮೆಯಲ್ಲಿ ಮುಂಗಾರಿನ ಭತ್ತ ಕೊಯ್ಲಿಗೆ ಬರುವುದು ನವೆಂಬರ್, ಡಿಸೆಂಬರಿನಲ್ಲೇ. ಅಲ್ಲೇ ಬೆಳೆದ ನನಗೆ ಅದು ಹೊಳೆಯಲೇ ಇಲ್ಲ.

"ಭತ್ತ ಬರಾಕತ್ತೈತಿ ಅಳಿಯಾ, ಜಾಗ ಖಾಲಿ ಮಾಡ್ಬೇಕು" ಎಂದರು ಮಾವ. ಅವರಿಗೆ ಅದು ಅನ್ನದ ದಾರಿ. ಮತ್ತೆ ಟ್ರ್ಯಾಕ್ಟರ್, ಮತ್ತೆ ಹಮಾಲಿ ಖರ್ಚು; ಸಾಮಾನು ಕುರುಗೋಡಿನ ಅಕ್ಕನ ಮನೆಯ ಪಡಸಾಲೆ ಸೇರಿತು. ಇಳಿಸುವಾಗ ನೋಡಿದರೆ ಸೋಫಾದ ಹೊಲಿಗೆ ಹೊಲಿಗೆಯಲ್ಲೂ ತೌಡಿನ ಧೂಳು. ತಳದ ಬಟ್ಟೆಯನ್ನು ಇಲಿ ಕಡಿದು ಸ್ಪಂಜು ಚೂರು ಚೂರಾಗಿ ಉದುರುತ್ತಿತ್ತು.

ಎಸಿಯ ಪೆಟ್ಟಿಗೆಯನ್ನು ಇನ್ನೂ ಒಡೆದಿರಲಿಲ್ಲ, ವಾರಂಟಿ ಮಾತ್ರ ಬಿಲ್ಲಿನ ತಾರೀಖಿನಿಂದಲೇ ಓಡುತ್ತಿತ್ತು. ಬಾಡಿಗೆಯ ಒಂದು ರೂಪಾಯಿ ಬರುವ ಮುಂಚೆ ಕಂತು ಕಟ್ಟುತ್ತ ಹೋದೆ. ಯುಗಾದಿಗೆ ಅಂಥದೇ ಆಫರ್ ಮತ್ತೆ ಬಂದದ್ದು ನೋಡಿ ಹೊಟ್ಟೆ ಉರಿಯಿತು.

ಕೊನೆಗೂ ನೋಂದಣಿಯಾಗಿ ಕೀಲಿ ಕೈಸೇರಿದ ಮೇಲೆ ಸೋಫಾ ಮೆಟ್ಟಿಲ ತಿರುವಿನಲ್ಲೇ ಸಿಕ್ಕಿಕೊಂಡಿತು. ಆರಡಿ ಅಗಲದ ಮಂಚ ಹಾಕಿದರೆ ಕೋಣೆಯ ಬಾಗಿಲು ಅರ್ಧ ಮಾತ್ರ ತೆರೆಯುತ್ತಿತ್ತು. ಮುಂಗಡ ಕೊಡುವ ದಿನ ಒಂದು ಟೇಪು ಹಿಡಿದು ಹೋಗಿದ್ದರೆ ಸಾಕಿತ್ತು.

ಮೊದಲು ಬಂದ ಕುಟುಂಬದ ಹೆಂಗಸು ಮಂಚದ ಮಾತೇ ಎತ್ತಲಿಲ್ಲ. "ಅಣ್ಣಾ, ಗಂಜಿ ಕಾಯಿಸಾಕ ಒಲಿ ಐತೇನು? ಎರಡು ಚಾಪಿ ಸಿಗ್ತಾವೇನು?" ಎಂದು ಕೇಳಿದರು. ಎರಡೂ ನನ್ನಲ್ಲಿರಲಿಲ್ಲ. ಆಸ್ಪತ್ರೆಯಿಂದ ದಣಿದು ಬಂದವರನ್ನು ಹಾಗೆ ನಿಲ್ಲಿಸಿದ್ದು ಇಂದಿಗೂ ಮನಸ್ಸಿಗೆ ಚುಚ್ಚುತ್ತದೆ. ಅಂದೇ ಸಂಜೆ ಗ್ಯಾಸ್ ಒಲೆ, ಚಾಪೆ, ಬಟ್ಟೆ ಒಣಹಾಕಲು ಹಗ್ಗ ತಂದೆ. ಕೆಳಗಿನ ಕೋಣೆಗಳಿಗೆ ಕಡಿಮೆ ಅಗಲದ ಮಂಚ, ತೆಳು ಹಾಸಿಗೆ, ಫ್ಯಾನು ಇಷ್ಟನ್ನೇ ಹಾಕಿ, ಜನ ಉಳಿದು ಹೋಗುವಾಗ ಏನು ಕೊರತೆಯಾಯಿತೆಂದು ಕೇಳಿ ಬರೆದಿಟ್ಟುಕೊಳ್ಳುತ್ತಿದ್ದೇನೆ.