ಮರದ ಕೊಳವೆಗೆ ದನಿ ಬರುವ ಹೊತ್ತು

ಪೆನ್ನಿನ ಮುಚ್ಚಳವನ್ನು ಕೆಳತುಟಿಗೆ ಆನಿಸಿ ಊದಿದರೆ ಸಿಳ್ಳೆ ಬರುತ್ತದೆಂದು ಶಾಲೆಗೆ ಹೋದವರಿಗೆಲ್ಲ ಗೊತ್ತು. ಗಿಡ್ಡ ಮುಚ್ಚಳಕ್ಕೆ ಕೀರಲು ದನಿ, ಉದ್ದ ಬಾಟಲಿಗೆ ದಪ್ಪ ದನಿ. ಪೈಪ್ ಆರ್ಗನ್ ಎಂಬ ದೊಡ್ಡ ವಾದ್ಯದ ಗುಟ್ಟೂ ಇದೇ. ಹಾರ್ಮೋನಿಯಂನಲ್ಲಿ ಹಿತ್ತಾಳೆಯ ನಾಲಗೆ ಅದುರಿ ಸ್ವರ ಹೊರಡುತ್ತದೆ. ಆರ್ಗನ್ನಿನ ಹೆಚ್ಚಿನ ಕೊಳವೆಗಳಲ್ಲಿ ನಾಲಗೆಯೇ ಇಲ್ಲ. ಒಂದೊಂದು ಸ್ವರಕ್ಕೆ ಒಂದೊಂದು ಕೊಳವೆ. ತಿದಿಯ ಗಾಳಿ ಹೊಕ್ಕಾಗ ಒಳಗಿನ ಗಾಳಿಯೇ ಹಾಡುತ್ತದೆ.

ಚರ್ಚುಗಳಲ್ಲಿ ಥಳಥಳಿಸುವ ಲೋಹದ ಕೊಳವೆಗಳ ಹಿಂದೆ ಮರದವೂ ನಿಂತಿರುವುದುಂಟು. ಡೆನ್ಮಾರ್ಕಿನ ಫ್ರೆಡೆರಿಕ್ಸ್‌ಬೋರ್ಗ್ ಅರಮನೆಯಲ್ಲಿರುವ, ಎಸಾಯಸ್ ಕೊಂಪೇನಿಯಸ್ 1610ರಲ್ಲಿ ಕಟ್ಟಿ ಮುಗಿಸಿದ ಆರ್ಗನ್ನಿನಲ್ಲಿ 1001 ಕೊಳವೆಗಳಿವೆ, ಅಷ್ಟೂ ಮರದವೇ. ಫಿಲಿಪ್ಪೀನ್ಸಿನ ಲಾಸ್ ಪಿನ್ಯಾಸ್‌ನಲ್ಲಿ ಪಾದ್ರಿ ದಿಯೆಗೊ ಸೆರಾ 1824ರಲ್ಲಿ ಮುಗಿಸಿದ ಆರ್ಗನ್ನಿನ 1031 ಕೊಳವೆಗಳಲ್ಲಿ 902 ಬಿದಿರಿನವು. ಬಿದಿರು ಹಾಡಬಲ್ಲದೆಂದು ಕೊಳಲಿನ ನಾಡಿನ ನಮಗೆ ಯಾರೂ ಹೇಳಿಕೊಡಬೇಕಿಲ್ಲ.

ಬ್ಯಾಂಕಿನಿಂದ ನಿವೃತ್ತನಾದ ಮೇಲೆ ನನಗೂ ಈ ಹುಚ್ಚು ಹತ್ತಿತು. ಎರಡು ಸಪ್ತಕಕ್ಕೆ ಸಾಲುವ 25 ಕೊಳವೆಗಳನ್ನು ಮಾಡಬೇಕೆಂದು ಹಳೆಯ ಬಾಗಿಲಿನ ತೇಗದ ಹಲಗೆಗಳನ್ನು ಕೂಡಿಹಾಕಿದೆ. ಹತ್ತಾರು ವರ್ಷ ಒಣಗಿದ ಮರ ಸುಲಭಕ್ಕೆ ಸೊಟ್ಟಗಾಗುವುದಿಲ್ಲ.

ಮೊದಲು ಲೆಕ್ಕ. ಪಿಯಾನೋದ ನಡುವಿನ ‘ಸಿ’ ಸ್ವರಕ್ಕೆ ಗಾಳಿ ಸೆಕೆಂಡಿಗೆ ಸುಮಾರು 262 ಸಲ ಅದುರಬೇಕು. ಶಬ್ದ ಸೆಕೆಂಡಿಗೆ ಸುಮಾರು 345 ಮೀಟರು ಓಡುತ್ತದೆ. ಹಾಗಾಗಿ ಒಂದು ಅಲೆಯ ಉದ್ದ ಹತ್ತಿರಹತ್ತಿರ 132 ಸೆಂಟಿಮೀಟರು. ಎರಡೂ ಕಡೆ ತೆರೆದ ಕೊಳವೆಗೆ ಅದರ ಅರ್ಧ ಬೇಕು. ಮೇಲೆ ಬಿರಡೆ ಹಾಕಿದರೆ ಕಾಲುಭಾಗ, ಅಂದರೆ 33 ಸೆಂಟಿಮೀಟರು, ಸಾಕು. ಹಲಗೆ ಉಳಿಯಲೆಂದು ನಾನು ಬಿರಡೆಯ ಕೊಳವೆಯನ್ನೇ ಆರಿಸಿಕೊಂಡೆ. ಮುಂದಿನ ಪ್ರತಿ ಸ್ವರಕ್ಕೂ ಉದ್ದ ಶೇಕಡಾ 5.6ರಷ್ಟು ಇಳಿಯುತ್ತ ಹೋಗಬೇಕು. ಉಳಿದ ಬೆಲೆಯ ಮೇಲೆ ವರ್ಷವರ್ಷವೂ ಸವಕಳಿ ಕಳೆಯುತ್ತೇವಲ್ಲ, ಅದೇ ಲೆಕ್ಕ. ಹನ್ನೆರಡು ಮೆಟ್ಟಿಲು ಕಳೆದರೆ ಸರಿಯಾಗಿ ಅರ್ಧ. ಬಿ.ಕಾಂ. ಓದು ಇಲ್ಲೂ ಉಪಯೋಗಕ್ಕೆ ಬಂತು.

ಕಟ್ಟುವುದು ಅಷ್ಟು ಕಷ್ಟವಲ್ಲ. ಕೀಸುಳಿಯಿಂದ ನಯಮಾಡಿದ ನಾಲ್ಕು ಹಲಗೆಗಳನ್ನು ಅಂಟಿಸಿದರೆ ಚೌಕ ಕೊಳವೆ. ಕೆಳಗೊಂದು ಮರದ ತುಂಡು, ಅದರ ಮುಂದೆ ಒಂದು ಮುಚ್ಚು. ಇವೆರಡರ ನಡುವೆ ಅರ್ಧ ಮಿಲಿಮೀಟರಿನಷ್ಟು ಸಂದು. ಅಲ್ಲಿಂದ ಹಾಳೆಯಂತೆ ತೆಳ್ಳಗೆ ಹೊರಡುವ ಗಾಳಿ, ಮೇಲೆ ಚೂಪಾಗಿ ಕೆತ್ತಿದ ಹಲಗೆಯ ಅಂಚಿಗೆ ತಾಗುತ್ತದೆ. ಆ ಅಂಚಿಗೆ ಮೇಲ್ತುಟಿ ಎನ್ನುತ್ತಾರೆ. ಸಂದಿಗೂ ಅದಕ್ಕೂ ನಡುವಿನ ಕಿಂಡಿಯೇ ಬಾಯಿ. ಜಾತ್ರೆಯಲ್ಲಿ ಸಿಗುವ, ತುದಿ ಕಚ್ಚಿ ಊದುವ ಕೊಳಲಿನ ಹಾಗೆಯೇ. ತುದಿಗೆ ಮೆತ್ತನೆಯ ಚರ್ಮ ಸುತ್ತಿದ ಬಿರಡೆ. ಅದನ್ನು ಒಳಗೊತ್ತಿದರೆ ಶ್ರುತಿ ಏರುತ್ತದೆ, ಹೊರಗೆಳೆದರೆ ಇಳಿಯುತ್ತದೆ.

ಆದರೆ ಇಷ್ಟಾದರೂ ಅದು ಬರೀ ಪೆಟ್ಟಿಗೆ. ಅದಕ್ಕೆ ದನಿ ಕೂಡಿಸುವುದೇ ಬೇರೆ ಕೆಲಸ. ಗಾರೆಯವರು ಮಟ್ಟ ನೋಡುವಂಥ ಪಾರದರ್ಶಕ ಪೈಪನ್ನು ಬಾಗಿಸಿ ನೀರು ತುಂಬಿ, ಗಾಳಿಯ ಒತ್ತಡಕ್ಕೆ ಎರಡು ಬದಿಯ ನೀರಿನ ನಡುವೆ 65 ಮಿಲಿಮೀಟರು ಅಂತರ ಬರುವಂತೆ ತಿದಿಯ ಮೇಲೆ ಭಾರ ಇಡುತ್ತೇನೆ. ಬಾಯಿ ತೀರ ಗಿಡ್ಡವಾಗಿದ್ದರೆ ಕೊಳವೆ ತನ್ನ ಷಡ್ಜ ಬಿಟ್ಟು ಮೇಲಿನ ಸಪ್ತಕದ ಪಂಚಮಕ್ಕೆ ಹಾರುತ್ತದೆ. ಮೇಲ್ತುಟಿಯನ್ನು ಕೂದಲೆಳೆಯಷ್ಟು ಕೆತ್ತಿ, ಊದಿ ಕೇಳಿ, ಮತ್ತೆ ಕೆತ್ತಬೇಕು. ಅಗಲದ ಮೂರನೇ ಒಂದು ಭಾಗದಷ್ಟು ಎತ್ತರವಾಗುವ ಹೊತ್ತಿಗೆ ದನಿ ದುಂಡಗಾಗುತ್ತದೆ. ಅದನ್ನೂ ದಾಟಿದರೆ ಮಂಕು. ಕೆತ್ತಿದ ಮರ ಮತ್ತೆ ಚಿಗುರುವುದಿಲ್ಲ.

ಇದಕ್ಕೆಲ್ಲ ಕಿವಿಯೇ ಅಳತೆಗೋಲು. ನನ್ನದು ಸವೆಯುತ್ತಿದೆ. ಮಳೆಗಾಲದ ಸಂಜೆ ಮನೆಯವರೆಲ್ಲ ‘ಏನು ಜೀರುಂಡೆ ಗಲಾಟೆಯಪ್ಪ’ ಎನ್ನುವಾಗ ನನಗೆ ಹಿತ್ತಿಲು ನಿಶ್ಶಬ್ದ. ವಯಸ್ಸಾದಂತೆ ಕೀರಲು ದನಿಗಳೇ ಮೊದಲು ಕೈಬಿಡುತ್ತವೆಂದು ಕಿವಿಯ ಡಾಕ್ಟರು ಗೆರೆ ಎಳೆದು ತೋರಿಸಿದರು. ಕೊಳವೆಯ ಸ್ವರ ನನಗೆ ಚೆನ್ನಾಗಿ ಕೇಳುತ್ತದೆ. ಸ್ವರ ಹೊರಡುವ ಮುನ್ನ ಬಾಯಲ್ಲಿ ಸುಳಿಯುವ ‘ಉಸ್’ ಮಾತ್ರ ಕೇಳುವುದಿಲ್ಲ. ದನಿ ಕೂಡಿಸುವವನಿಗೆ ಅದು ಬೇಕೇ ಬೇಕು. ಉಳಿಯನ್ನು ಒರೆಸಿ ಒಳಗಿಟ್ಟುಬಿಡೋಣವೆಂದು ಎಷ್ಟೋ ದಿನ ಕುಳಿತಿದ್ದೆ.

ಹತ್ತು ವರ್ಷದ ಮೊಮ್ಮಗಳು ಒಂದು ರಜೆಯಲ್ಲಿ ಪಕ್ಕದಲ್ಲಿ ಕುಳಿತು, “ತಾತ, ಇದು ಹಾಡೋಕೆ ಮುಂಚೆ ಉಸ್ ಅನ್ನತ್ತೆ. ಆಚೇದು ಅನ್ನಲ್ಲ” ಎಂದಳು. ನನಗೆ ಎರಡೂ ಒಂದೇ ಆಗಿದ್ದವು. ಸಂದಿನ ಅಂಚಿನಲ್ಲಿ ಅರದಿಂದ ಸಣ್ಣ ಸಣ್ಣ ಕಚ್ಚು ಮಾಡಿದರೆ ಆ ಸದ್ದು ತಗ್ಗುತ್ತದೆ. ಅತಿಯಾದರೆ ದನಿಯ ಕಳೆಯೇ ಹೋಗುತ್ತದೆ. ನಾನು ಒಂದೊಂದೇ ಕಚ್ಚು ಹಾಕುತ್ತ ಹೋದೆ, ಅವಳು ಕೇಳುತ್ತ ಹೋದಳು. ಐದನೆಯದಕ್ಕೆ ಕೈ ಹಿಡಿದಳು. “ಸಾಕು. ಸ್ವಲ್ಪ ಇರಲಿ ಬಿಡು. ಮಾತಾಡೋಕೆ ಮುಂಚೆ ಉಸಿರು ತಗೊಂಡ ಹಾಗಿದೆ.”

ಆ ಉಸಿರನ್ನು ಇಷ್ಟಪಟ್ಟು ಉಳಿಸಿಕೊಳ್ಳುವ ಆರ್ಗನ್ ಕಟ್ಟುವವರೂ ಇದ್ದಾರೆ, ಪೂರಾ ಅಳಿಸುವವರೂ ಇದ್ದಾರೆ. ಇವಳಿಗೆ ಅದನ್ನು ನಾನು ಹೇಳಿಕೊಟ್ಟಿರಲಿಲ್ಲ. ನನಗೆ ಕೇಳದ ಸದ್ದಿನ ಬಗ್ಗೆ ನಾನು ವಾದಿಸುವುದಾದರೂ ಹೇಗೆ? ಅರವನ್ನು ಕೆಳಗಿಟ್ಟೆ.

ಈಗ ಹದಿನೇಳು ಕೊಳವೆಗಳು ಹಾಡುತ್ತವೆ. ಉಳಿದಿರುವುದು ಎಂಟು, ಎಲ್ಲವೂ ಚಿಕ್ಕವು; ಕೊನೆಯದರ ಒಳಗಿನ ಉದ್ದ ಎಂಟು ಸೆಂಟಿಮೀಟರು ಮಾತ್ರ. ಮುಂದಿನ ರಜೆಗೆ ಅವುಗಳ ಬಾಯಿಗೆ ಅರ ಹಿಡಿಯುವವಳು ಅವಳೇ. ನಾನು ತಿದಿ ಒತ್ತುತ್ತೇನೆ.